ಕೈ ಬಿಗಿಯಾದವಳ ಕಂಬಳಿ

ಲೋಕದಲ್ಲಿ ಕೆಲವಕ್ಕೆ ಮಲಗು ಎಂದರೆ ಮಲಗುವ ಸ್ವಭಾವ: ಜಮಖಾನ, ಬಾಳೆಲೆ, ನಮ್ಮ ಮನೆಯ ಬೆಕ್ಕು. ಇನ್ನು ಕೆಲವಕ್ಕೆ ಸುರುಳಿ ಸುತ್ತಿಕೊಳ್ಳುವ ಹಟ: ಹಳೆಯ ಕ್ಯಾಲೆಂಡರ್, ಮುಟ್ಟಿದ ರೈಲುಹುಳ, ಮತ್ತು ನಾನು ಹೆಣೆದ ಕ್ರೋಶಾ. ಎಪ್ಪತ್ತು ದಾಟಿದವಳು ನಾನು. ಈವರೆಗೆ ನಾನು ಹೆಣೆದದ್ದರಲ್ಲಿ ಅಂಚು ಚಪ್ಪಟೆಯಾಗಿ ಕೂತದ್ದು ಒಂದೂ ಇಲ್ಲ ಎಂದು ಯಾರ ಮುಂದೂ ಕನ್ಫೆಸ್ ಮಾಡಿದವಳಲ್ಲ. ಟೇಬಲ್ ಕ್ಲಾತ್ ಆದರೆ ನಾಲ್ಕು ಮೂಲೆಗೆ ನಾಲ್ಕು ಹೂದಾನಿ ಇಟ್ಟು ಮಾನ ಉಳಿಸಿಕೊಳ್ಳಬಹುದು. ಮಗು ಹೊದೆಯುವ ಕಂಬಳಿಯ ಮೇಲೆ ಹೂದಾನಿ ಇಡಲಾಗುತ್ತದೆಯೆ?

ಮಗು ಶಿರಾದ ಮೆಹರುವಿನ ಮೊಮ್ಮಗಳು. ಮೆಹರು ನನ್ನ ಕಾನ್ವೆಂಟ್ ಹಾಸ್ಟೆಲ್ಲಿನ ಗೆಳತಿ, ಪಕ್ಕದ ಮಂಚದವಳು. ಈಗ ಅವಳ ಕಣ್ಣು ಮಂಜು, ಕಡ್ಡಿ ಹಿಡಿಯಲಾರಳು. "ಡಾರ್ಲಿಂಗ್, ಮಗು ಹುಟ್ಟಿದ ನಲವತ್ತನೇ ದಿನದ ಶಾಸ್ತ್ರಕ್ಕೆ ಕಂಬಳಿ ನೀನೇ ಹೆಣಿ. ಸ್ಕೂಲಲ್ಲಿ ಫಸ್ಟ್ ಪ್ರೈಜ್ ತಗೊಂಡೋಳಲ್ವಾ ನೀನು?" ಎಂದಳು ಫೋನಿನಲ್ಲಿ. ಪ್ರೈಜ್ ಎಂದ ಕೂಡಲೆ ನನ್ನೊಳಗೂ ಏನೋ ಒಂದು ಅಂಚು ಮೆಲ್ಲನೆ ಸುರುಳಿ ಸುತ್ತಿಕೊಂಡಿತು.

ಆ ಪ್ರೈಜಿನ ಕತೆ ನಿಮಗೆ ಹೇಳಿಬಿಡುತ್ತೇನೆ. ನೀಡಲ್‌ವರ್ಕ್ ಸಿಸ್ಟರ್ ಸ್ಕೇಲು ಹಿಡಿದು "ಟೆನ್ಷನ್, ಗರ್ಲ್ಸ್, ಟೆನ್ಷನ್!" ಎಂದು ಬೆಂಚುಗಳ ನಡುವೆ ಓಡಾಡುತ್ತಿದ್ದರು. ದಾರ ಬಿಗಿ ಹಿಡಿಯಿರಿ ಎಂದರ್ಥ. ಈಗ ಟೆನ್ಷನ್ ಬೇಡ ಎಂದು ಡಾಕ್ಟರು ಮಾತ್ರೆ ಬರೆಯುತ್ತಾರೆ. ಆಗ ಅದು ಸದ್ಗುಣವಾಗಿತ್ತು. ನಾನು ಗುಡ್ ಗರ್ಲ್, ಉಗುರು ಬೆಳ್ಳಗಾಗುವಷ್ಟು ಬಿಗಿ ಹಿಡಿದೆ. ಮೆಹರು ಕಿಟಕಿಯಾಚೆ ನೋಡುತ್ತ, ಗುನುಗುತ್ತ, ಸಡಿಲವಾಗಿ ಹೆಣೆದಳು. ಎಗ್ಸಿಬಿಷನ್ ದಿನ ನನ್ನದು ಒಣಗಿದ ಎಲೆಯಂತೆ ಮುದುಡಿತ್ತು, ಅವಳದು ಕೊಳದ ನೀರಿನಂತೆ ಮಲಗಿತ್ತು. ಲೇಬಲ್ ಚುಚ್ಚುವಾಗ ಯಾರೋ ಅದಲುಬದಲು ಮಾಡಿದ್ದರು. ನನ್ನ ಹೆಸರಿಗೆ ಫಸ್ಟ್ ಪ್ರೈಜ್ ಬಂತು. ನಾನು ಬಾಯಿ ಬಿಡಲಿಲ್ಲ. ಅಷ್ಟೇ ಕತೆ.

ಕಡಲೆಕಾಯಿ ಹೂವಿನ ಹಳದಿ ಉಲ್ಲನ್ ತರಿಸಿ, ಮಧುಗಿರಿ ಬೆಟ್ಟದ ನೆರಳು ಜಗಲಿಗೆ ಬರುವ ಹೊತ್ತಿಗೆ ಕುರ್ಚಿ ಹಾಕಿ ಕೂತೆ. ಆ ಹೊತ್ತಿನಲ್ಲಿ ಕಣ್ಣು ಅರ್ಧ ಮುಚ್ಚಿದರೆ ಹಾಸ್ಟೆಲ್ಲಿನ ಸಾಲು ಮಂಚಗಳು, ಮೆಹರುವಿನ ಎಣ್ಣೆಜಡೆ, ಎಲ್ಲ ಕಾಣುತ್ತವೆ. ಕಣ್ಣು ತೆರೆದರೆ ಕಂಬಳಿ, ಅರ್ಧ ಮುಗಿದದ್ದು, ಬುಡದ ಅಂಚು ಕಾವಲಿಯ ಮೇಲಿನ ದೋಸೆಯ ಹಾಗೆ ಮೇಲೆದ್ದಿರುತ್ತದೆ. ಹಾಸಿಗೆಯಡಿ ಇಟ್ಟೆ. ಡಿಕ್ಷನರಿ ಹೇರಿದೆ. ಇಸ್ತ್ರಿ ಇಟ್ಟೆ, ಒಂದು ಕಡೆ ಉಲ್ಲನ್ ಕರಗಿ ಮಿರಮಿರ ಹೊಳೆಯಿತೇ ವಿನಾ ಬಗ್ಗಲಿಲ್ಲ.

ಅಡುಗೆಗೆ ಬರುವ ಈರಮ್ಮ ಗೌಡಗೆರೆ ಕಡೆಯವಳು, ಕುರಿ ಉಣ್ಣೆಯ ಕಂಬಳಿ ನೇಯುವವರ ಸೊಸೆ. ಬಾಗಿಲಿಗೆ ಒರಗಿ ನೋಡುತ್ತಿದ್ದವಳು ಕೊನೆಗೆ ಅಂದಳು: "ಅಮ್ಮೋರೆ, ನಿಮ್ದು ಕೈ ಬಿಗಿ."

ನನಗೆ ರೇಗಿತು. "ಏನಂದೆ? ಹೋದ ಹಬ್ಬಕ್ಕೆ ಸೀರೆ ಕೊಟ್ಟೋಳು ಯಾರೇ?"

"ಅಯ್ಯೋ, ಸೀರೆ ಇಷ್ಯ ಅಲ್ಲ ಬುಡಿ, ದಾರದ್ ಇಷ್ಯ! ಮೊದ್ಲ ಸಾಲೇ ಇಂಗ್ ಬಿಗ್ದ್ರೆ ಮ್ಯಾಲಿಂದೆಲ್ಲ ಎಂಗೆ ಮಲೀಕಂತದೆ? ಎಲ್ಲ ಬಿಚ್ಬುಡಿ. ಮೊದ್ಲ ಸಾಲ್ಗೆ ದಪ್ಪ ಕಡ್ಡಿ ತಕ್ಕಳಿ. ಆಮೇಲೆ ಬಾಯ್ ಮುಚ್ಕಂಡು ಕುಂತ್ಕಬ್ಯಾಡಿ. ನಮ್ಮತ್ತೆ ಉಣ್ಣೆ ನೂಲೋವಾಗ ಸುಮ್ಕಿದ್ರೆ ಬಯ್ಯೋಳು ಕಣಮ್ಮ. ಮಾತಾಡ್ತಿದ್ರೆ ಕೈ ತಾನೇ ಸಡ್ಲಾಯ್ತದೆ."

ಹದಿನೈದು ದಿನದ ಕೆಲಸ ಅರ್ಧ ಗಂಟೆಯಲ್ಲಿ ಮತ್ತೆ ಉಂಡೆಯಾಯಿತು. ದಪ್ಪ ಕಡ್ಡಿ ಹಿಡಿದು, ಫೋನನ್ನು ಸ್ಪೀಕರಿಗೆ ಹಾಕಿ ಮೆಹರುವನ್ನು ಕರೆದೆ. ಹಾಸ್ಟೆಲ್ಲಿನ ನೀರು ಸಾರು, ಗೋಡೆ ಹಾರಿ ಕಿತ್ತ ಸೀಬೆಕಾಯಿ, ಎಲ್ಲ ಮಾತಾಡಿದೆವು. ಮೊದಲ ಸಾಲಿನ ಸರಪಣಿ ನನ್ನ ಮಡಿಲಿನಿಂದ ಇಳಿದು, ಜಗಲಿ ದಾಟಿ, ಹಳದಿ ಬಳ್ಳಿಯಂತೆ ಹೋಗುತ್ತಲೇ ಇತ್ತು. ಕೈ ಸಡಿಲಾಯಿತು. ಆದರೆ ಬಾಯಿಯೂ ಸಡಿಲಾಗುತ್ತದೆಂದು ಈರಮ್ಮ ಎಚ್ಚರಿಸಿರಲಿಲ್ಲ. "ಮೆಹರು, ಆ ಪ್ರೈಜು ನಿಂದು ಕಣೇ," ಅಂದುಬಿಟ್ಟೆ.

ಆ ಕಡೆ ಮೌನ. ಬೆಟ್ಟದ ನೆರಳೂ ನಿಂತಂತಾಯಿತು. ಈ ವಯಸ್ಸಿನಲ್ಲಿ ಹೊಸ ಗೆಳತಿಯನ್ನು ಎಲ್ಲಿಂದ ತರಲಿ? ನನ್ನ ಬೆರಳು ಮಾತ್ರ ತಾವಾಗಿ ಹೆಣೆಯುತ್ತಿದ್ದವು.

"ದಿವಾನಿ, ಹುಚ್ಚಿ," ಎಂದಳು ಮೆಹರು ಕೊನೆಗೆ. "ನನ್ನ ಕೈ ಕೆಲಸ ನನಗೆ ಗೊತ್ತಾಗಲ್ವಾ? ಅವತ್ತೇ ಗೊತ್ತಿತ್ತು. ನೀನು ಯಾವಾಗ ಹೇಳ್ತೀಯೋ ಅಂತ ಕಾಯ್ತಿದ್ದೆ. ತುಂಬಾ ಲೇಟ್ ಮಾಡಿದೆ, ಡಾರ್ಲಿಂಗ್."

ನಲವತ್ತನೆಯ ದಿನ ಬಸ್ಸು ಹತ್ತಿ ಶಿರಾಕ್ಕೆ ಹೋದೆ. ಮಂಚದ ಮೇಲೆ ಕಂಬಳಿ ಹರಡಿದರೆ, ಬೆಕ್ಕಿಗಿಂತ ವಿಧೇಯವಾಗಿ ಮಲಗಿತು. ಮಗುವನ್ನು ಅದರ ಮೇಲೆ ಮಲಗಿಸಿದರು. ಎಲ್ಲರೂ ಹೊಗಳಿದರು, ನಾನು ಬೀಗಿದೆ. ಮೆಹರು ಮಾತ್ರ ಮಂಜುಗಣ್ಣನ್ನು ಎತ್ತಲೋ ಇಟ್ಟುಕೊಂಡು ಬುಡದ ಅಂಚಿನುದ್ದಕ್ಕೂ ಬೆರಳು ಆಡಿಸುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಗೇಣುದ್ದ ಅಂಚು, ಸಣ್ಣಗೆ, ಸುರುಳಿ ಸುತ್ತಿಕೊಂಡಿತ್ತು.

"ನಾನು ಸುಮ್ಮನಾಗಿದ್ದು ಇಲ್ಲೇ ಅಲ್ವಾ?" ಎಂದು ಪಿಸುಗುಟ್ಟಿದಳು.

"ಛೆ, ಇಲ್ಲಪ್ಪ," ಎಂದೆ. "ಉಲ್ಲನ್ ಕ್ವಾಲಿಟಿ ಸರಿಯಿಲ್ಲ."