ಮೂರು ಕಿವಿಗಳ ಅರ್ಜಿ

ಧ್ವನಿಮುದ್ರಿತ ಸಂಗೀತದ ವೈಯಕ್ತಿಕ ಬಳಕೆಯ ನಿಯಮಾವಳಿಯ ಪ್ರಕಾರ ಒಬ್ಬ ವ್ಯಕ್ತಿಗೆ ಎರಡು ಕಿವಿಗಳಿರತಕ್ಕದ್ದು. ಒಂದು ಹಾಡನ್ನು ಏಕಕಾಲಕ್ಕೆ ಅದಕ್ಕಿಂತ ಹೆಚ್ಚು ಕಿವಿಗಳು ಕೇಳಿದಲ್ಲಿ ಅದು ಸಾರ್ವಜನಿಕ ಪ್ರದರ್ಶನ. ನಿಯಮದ ಸರಳತೆಯ ಬಗ್ಗೆ ಯಾರದೂ ತಕರಾರಿರಲಿಲ್ಲ.

ಅಕ್ಕನ ಜೊತೆ ವಾಸಿಸುತ್ತ ದರ್ಜಿ ಕೆಲಸ ಮಾಡುತ್ತಿದ್ದ ತಂಗಿಗೂ ಇರಲಿಲ್ಲ, ತಪಾಸಣಾಧಿಕಾರಿಯೊಬ್ಬರು ಮನೆಗೆ ಬರುವವರೆಗೆ. ಅವಳ ಅಕ್ಕ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಕಂಪನಿಗೆ ಒಂದೇ ಒಂದು ಹಾಡು ಹಾಡಿದ್ದಳು. ಆಮೇಲೆ ಯಾರೂ ಕರೆಯಲಿಲ್ಲ, ಅವಳೂ ಹೋಗಲಿಲ್ಲ. ಆ ರೆಕಾರ್ಡನ್ನು ಅಂಗಡಿಯಿಂದ ಕೊಂಡು ತಂದವಳು ತಂಗಿ. ಈಗ ಅಕ್ಕನ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯೂ ನಾಲ್ಕು ತಿಂಗಳಲ್ಲಿ ಹೋಗುತ್ತದೆಂದು ವೈದ್ಯರು ಹೇಳಿದ್ದರು. ಅದಿರುವಾಗಲೇ ತನ್ನ ಹಳೆಯ ದನಿಯನ್ನೊಮ್ಮೆ ಕೇಳಿಬಿಡಬೇಕೆಂಬುದು ಅವಳ ಆಸೆ. ತಂಗಿ ಸೂಜಿ ಇಳಿಸುವಷ್ಟರಲ್ಲಿ ಬೀದಿಯ ಗಸ್ತಿನಲ್ಲಿದ್ದ ತಪಾಸಣಾಧಿಕಾರಿಗಳು ಒಳಬಂದು, ಕೋಣೆಯಲ್ಲಿ ಇಬ್ಬರನ್ನು ಕಂಡು, ಗ್ರಾಮಫೋನಿಗೆ ಅರಗಿನ ಮುದ್ರೆ ಒತ್ತಿ ಹೋದರು.

ಮರುದಿನ ತಂಗಿ ಪರವಾನಗಿ ಕಚೇರಿಯ ಸಾಲಿನಲ್ಲಿ ನಿಂತಳು. ಗೋಡೆಯ ಮೇಲೆ ಸ್ಥಾಪಕರ ಭಾವಚಿತ್ರವಿತ್ತು. ತೊಟ್ಟಿಲಲ್ಲಿದ್ದಾಗಲೇ ಅವರು ಪರವಾನಗಿಯಿಲ್ಲದ ಜೋಗುಳಕ್ಕೆ ನಿದ್ರಿಸಲು ನಿರಾಕರಿಸಿದ್ದರೆಂದು ಕೆಳಗೆ ಬರೆದಿತ್ತು. ಇದನ್ನು ಯಾರು ನೋಡಿ ಬರೆದಿಟ್ಟರೋ ಎಂದು ತಂಗಿಗೆ ಅನುಮಾನ ಬಂತು. ಅಷ್ಟರಲ್ಲಿ ಸಾಲು ಮುಂದೆ ಸರಿಯಿತು. ಅನುಮಾನ ಅಲ್ಲೇ ಉಳಿಯಿತು.

ಗುಮಾಸ್ತರು ರೆಕಾರ್ಡಿನ ರಸೀದಿ ನೋಡಿದರು. ಹೆಸರು ತಂಗಿಯದು.

"ನೀವು ಕೇಳಿ. ಯಾರು ಬೇಡ ಅಂದ್ರು?"

"ಹಾಡಿರೋದು ನಮ್ಮಕ್ಕ, ಸಾರ್."

"ಹಾಡಿದ ದಿನಾನೇ ಅವರ ದನಿ ಕಂಪನಿಗೆ ಹೋಯ್ತಲ್ಲಮ್ಮ. ಈಗ ಅವರು ಸಾರ್ವಜನಿಕರು."

ತಾನು ಹೊರಗೆ ನಿಲ್ಲುತ್ತೇನೆ, ಅಕ್ಕನೊಬ್ಬಳೇ ಕೇಳಲಿ ಎಂದು ತಂಗಿ ಕೋರಿದಳು. ಅದು ಹಕ್ಕಿನ ಅಕ್ರಮ ವರ್ಗಾವಣೆಯಾಗುತ್ತಿತ್ತು. ಅಕ್ಕನ ಹೆಸರಿಗೇ ಇನ್ನೊಂದು ಕೊಳ್ಳೋಣವೆಂದರೆ, ಕಂಪನಿ ಆ ಹಾಡನ್ನು ಮಾರುವುದನ್ನು ಬಿಟ್ಟು ಮೂವತ್ತು ವರ್ಷವಾಗಿತ್ತು. ಹಕ್ಕನ್ನು ಮಾತ್ರ ಬಿಟ್ಟಿರಲಿಲ್ಲ.

ಗುಮಾಸ್ತರು ಕೆಟ್ಟವರಲ್ಲ. ನಿಯಮಾವಳಿಯನ್ನು ತಿರುವಿ ತಿರುವಿ ಒಂದು ದಾರಿ ಹುಡುಕಿಕೊಟ್ಟರು. ಒಂದೇ ಸೂರಿನಡಿ ವಾಸಿಸುವ ಇಬ್ಬರು, ಸಂಗೀತದ ಮಟ್ಟಿಗೆ, ತಾವು ಒಬ್ಬರೇ ಎಂದು ಘೋಷಿಸಿಕೊಳ್ಳಬಹುದಾಗಿತ್ತು. ಅಕ್ಕತಂಗಿಯರು ಅಂದೇ ಸಹಿ ಹಾಕಿ ಒಬ್ಬರಾದರು. ತಪಾಸಣಾಧಿಕಾರಿಗಳು ಮತ್ತೆ ಬಂದು, ಒಂದೊಂದು ಕಿವಿಯ ಬಳಿಯೂ ಗಡಿಯಾರ ಹಿಡಿದು ಪರೀಕ್ಷಿಸಿ, ವರದಿ ಬರೆದರು: "ಸದರಿ ವ್ಯಕ್ತಿಗೆ ಕೇಳಿಸುವ ಕಿವಿಗಳು ಮೂರು. ಹೆಚ್ಚುವರಿ ಒಂದು."

ಆ ಒಂದಕ್ಕೆ ತಾನೇ ಹತ್ತಿ ಇಟ್ಟುಕೊಳ್ಳುವುದಾಗಿ ತಂಗಿ ಕಚೇರಿಗೆ ಹೋಗಿ ಹೇಳಿದಳು. ಅಕ್ಕನ ಬಲಗಿವಿಯ ಬಗ್ಗೆ ವೈದ್ಯರು ಹೇಳಿದ್ದನ್ನೂ ತಿಳಿಸಿದಳು.

"ಹತ್ತಿ ತಾತ್ಕಾಲಿಕ ಅಲ್ವೇನಮ್ಮ? ಕಾಯಂ ಪರವಾನಗಿಗೆ ಕಾಯಂ ಕಿವುಡೇ ಆಗ್ಬೇಕು," ಎಂದ ಗುಮಾಸ್ತರು ದನಿ ತಗ್ಗಿಸಿ ಸಮಾಧಾನ ಹೇಳಿದರು. "ಇನ್ನು ನಾಲ್ಕು ತಿಂಗಳು. ಅರ್ಜಿ ತಾನಾಗೇ ಸರಿಹೋಗುತ್ತೆ."

ತಂಗಿ ಅಕ್ಕನ ಬಲಗಿವಿಗೆ ಬಾಯಿಟ್ಟು ಎಲ್ಲವನ್ನೂ ತಿಳಿಸಿದಳು. ಬೇಕಾದರೆ ಆ ಹಾಡನ್ನು ತಾನೇ ಹಾಡುತ್ತೇನೆಂದಳು.

"ಬೇಡ ಪುಟ್ಟಿ," ಎಂದಳು ಅಕ್ಕ. "ನೀನು ಹಾಡಿದ್ರೆ ಈ ಕಿವೀನೂ ಇವತ್ತೇ ಹೋಗುತ್ತೆ. ಪರವಾನಗಿಯೇನೋ ಬೇಗ ಸಿಗುತ್ತೆ ಅನ್ನು."

ವೈದ್ಯರ ಮಾತು ಒಂದು ವಾರವೂ ಹೆಚ್ಚುಕಡಿಮೆಯಾಗಲಿಲ್ಲ. ಗುಮಾಸ್ತರು, ತಪಾಸಣಾಧಿಕಾರಿಗಳು ಇಬ್ಬರೂ ಪರವಾನಗಿ ಹಿಡಿದು ಮನೆಗೆ ಬಂದರು. ತಮ್ಮ ಕಿವಿಗಳಿಗೆ ಹತ್ತಿ ತುರುಕಿಕೊಂಡಿದ್ದರು; ಸಿಬ್ಬಂದಿಗೆ ಹತ್ತಿ ಸಾಕೆಂದು ಪ್ರತ್ಯೇಕ ಸುತ್ತೋಲೆಯಿದೆ. ಗಡಿಯಾರ ಹಿಡಿದರು. ಕಿವಿಗಳು ಎರಡು, ಲೆಕ್ಕ ಸರಿ. ಅರಗು ಒಡೆಯಿತು, ಸೂಜಿ ಇಳಿಯಿತು, ಹತ್ತೊಂಬತ್ತರ ಹುಡುಗಿ ಹಾಡತೊಡಗಿದಳು. ಅಕ್ಕ ಹಾಡು ಮುಗಿಯುವವರೆಗೂ ತಂಗಿಯ ಮುಖವನ್ನೇ ನೋಡುತ್ತ ಕುಳಿತಿದ್ದಳು.

ಕೊನೆಗೆ ಗುಮಾಸ್ತರು ಪುಸ್ತಕ ಬಿಚ್ಚಿ "ಕೇಳಿದವರ ಸಹಿ" ಎಂಬಲ್ಲಿ ಬೆರಳಿಟ್ಟರು. ಇಬ್ಬರೂ ಒಬ್ಬರೇ ಆದ್ದರಿಂದ ಯಾರು ಹಾಕಿದರೂ ನಡೆಯುತ್ತಿತ್ತು. ತಂಗಿ ಗ್ರಾಮಫೋನಿನ ಸೂಜಿ ಎತ್ತುತ್ತಿದ್ದುದರಿಂದ ಅಕ್ಕನೇ ಹಾಕಿದಳು. ಅಕ್ಷರ ದುಂಡಗಿದೆಯೆಂದು ಎಲ್ಲರೂ ಮೆಚ್ಚಿದರು.