ಹೊಳಲ್ಕೆರೆಯಲ್ಲಿ ಕಡಲ್ಗಳ್ಳರ ಕಪ್ಪು ಚೀಟಿ

ವಂದನಾರ್ಪಣೆ ಮಾಡಿದವನ ಮುಖ ನಿಮಗೆ ಯಾರಿಗಾದರೂ ನೆನಪಿದೆಯೇ? ಇರಲಾರದು. ಪ್ರಾರ್ಥನೆಯಲ್ಲಿ ಶ್ರುತಿ ತಪ್ಪಿದವರು ನೆನಪಿರುತ್ತಾರೆ, ಸ್ವಾಗತದಲ್ಲಿ ಅಧ್ಯಕ್ಷರ ಹೆಸರನ್ನೇ ಮರೆತವರು ನೆನಪಿರುತ್ತಾರೆ, ಮುಖ್ಯ ಭಾಷಣಕಾರರಂತೂ ಮನೆಗೆ ಹೋದ ಮೇಲೂ ಕಿವಿಯಲ್ಲಿ ಮಾತಾಡುತ್ತಲೇ ಇರುತ್ತಾರೆ. ವಂದನಾರ್ಪಣೆಯವನು ಮೈಕಿನ ಮುಂದೆ ನಿಂತು ‘ವೇದಿಕೆಯ ಮೇಲಿರುವ’ ಎನ್ನುವಷ್ಟರಲ್ಲಿ ವೇದಿಕೆಯ ಮೇಲಿರುವವರು ಚಪ್ಪಲಿಗಾಗಿ ಕಾಲಾಡಿಸುತ್ತಿರುತ್ತಾರೆ. ಕೆಳಗಿದ್ದವರು ಆಗಲೇ ತಿಂಡಿಯ ಸಾಲಿನಲ್ಲಿರುತ್ತಾರೆ. ನಾನು ಆ ವಂದನಾರ್ಪಣೆಯವನು. ಚಿತ್ರದುರ್ಗದ ಒಂದು ಕಚೇರಿಯಲ್ಲಿ ಕಡತಗಳ ನಡುವೆ ಕೂದಲು ಬೆಳ್ಳಗೆ ಮಾಡಿಕೊಂಡವನು, ಹೆಸರು ತಿಪ್ಪೇಸ್ವಾಮಿ. ಹಿಂದೊಮ್ಮೆ ಹೊಳಲ್ಕೆರೆಗೆ ವರ್ಗವಾಗಿದ್ದಾಗ ಅಲ್ಲಿನ ಓದುಗರ ಬಳಗ ಸೇರಿದೆ. ವರ್ಗ ಮತ್ತೆ ದುರ್ಗಕ್ಕೇ ಆದರೂ ಬಳಗ ನನ್ನನ್ನು ಬಿಡಲಿಲ್ಲ, ಏಕೆಂದರೆ ಯಾರೂ ಕೇಳದ ಭಾಷಣವನ್ನು ಇಷ್ಟು ಶ್ರದ್ಧೆಯಿಂದ ಮಾಡುವ ಇನ್ನೊಬ್ಬ ಅವರಿಗೆ ಸಿಕ್ಕಿರಲಿಲ್ಲ.

ಬಳಗದಲ್ಲಿ ನನಗೆ ಇನ್ನೊಂದು ಕೆಲಸವೂ ಇತ್ತು. ಚೀಟಿ ಕೊಡುವುದು. ನಮ್ಮ ಅಧ್ಯಕ್ಷರು ಶಿವಮೂರ್ತಪ್ಪನವರು, ಅಡಿಕೆ ಮಂಡಿಯವರು. ಮಂಡಿಯ ಮಹಡಿಯ ಹಾಲ್‌ನಲ್ಲೇ ನಮ್ಮ ಸಭೆ. ಭಾಷಣಕಾರರು ಎಲ್ಲೆ ಮೀರಿದರೆ ಅಧ್ಯಕ್ಷರು ನನ್ನ ಕಡೆ ನೋಡಿ ಹುಬ್ಬು ಎತ್ತುತ್ತಾರೆ. ನಾನು ‘ದಯವಿಟ್ಟು ಮುಗಿಸಿ’ ಎಂದು ಬರೆದ ಚೀಟಿಯನ್ನು ಬಗ್ಗಿಕೊಂಡು ಹೋಗಿ ಮೈಕಿನ ಮುಂದೆ ಇಟ್ಟು, ಬಗ್ಗಿಕೊಂಡೇ ವಾಪಸ್ ಬರುತ್ತೇನೆ. ಯಾಕೆ ಬಗ್ಗಬೇಕೋ ಗೊತ್ತಿಲ್ಲ, ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ಚೀಟಿ ಕಂಡ ಭಾಷಣಕಾರರು ‘ಕೊನೆಯದಾಗಿ ಒಂದು ಮಾತು’ ಎಂದು ಹೇಳಿ ಹೊಸದಾಗಿ ಶುರು ಮಾಡುತ್ತಾರೆ. ಒಬ್ಬರಂತೂ ನಾನು ಕೊಟ್ಟ ಚೀಟಿಯ ಹಿಂದೆಯೇ ಮುಂದೆ ಹೇಳಬೇಕಾದ ವಿಷಯಗಳನ್ನು ಗುರುತು ಹಾಕಿಕೊಂಡರು.

ಚೀಟಿಯಷ್ಟೇ ಮುಖ್ಯವಾದ ಇನ್ನೊಂದು ಪದ್ಧತಿ ನಮ್ಮಲ್ಲಿದೆ. ಸಭೆಯ ಮೊದಲಲ್ಲಿ ಎಲ್ಲರೂ ಒಟ್ಟಾಗಿ ವಚನ ಹಾಡುತ್ತೇವೆ, ಅದಕ್ಕೆ ಹಾಳೆ ಹಂಚುತ್ತೇವೆ. ಹಾಡು ಮುಗಿದ ತಕ್ಷಣ ಆ ಹಾಳೆಗಳು ಹಿಂದಿನ ಸಾಲಿನಿಂದ ಕೈಯಿಂದ ಕೈಗೆ ಮುಂದೆ ಬಂದು ಅಧ್ಯಕ್ಷರನ್ನು ಸೇರಬೇಕು. ಒಂದು ಹಾಳೆಯೂ ಮನೆಗೆ ಹೋಗಕೂಡದು. ಎಷ್ಟೋ ಕಾಲದಿಂದ ಅದೇ ಹಾಳೆಗಳು, ಅಂಚು ಮೆತ್ತಗಾಗಿವೆ. ನಮ್ಮ ಸಭಿಕರಿಗೆ ಇದು ಎಷ್ಟು ಅಭ್ಯಾಸವಾಗಿದೆಯೆಂದರೆ, ಒಮ್ಮೆ ಯಾರೋ ಮಗಳ ಮದುವೆಯ ಕರೆಯೋಲೆ ಹಂಚಿದಾಗ ಅವೂ ಓದಿಸಿಕೊಂಡು ಮುಂದಕ್ಕೆ ಬಂದುಬಿಟ್ಟವು.

ಹೀಗಿರುವಾಗ ನಾನು ದುರ್ಗದ ಗ್ರಂಥಾಲಯದಲ್ಲಿ ಕಡಲ್ಗಳ್ಳರ ಕತೆಗಳ ಕೈಗೆ ಸಿಕ್ಕಿಬಿದ್ದೆ. ಕಡಲಿಗೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಕಡೆ ಸಾಗರ ಎಂದರೆ ಹಿರಿಯೂರಿನ ವಾಣಿ ವಿಲಾಸ ಸಾಗರ, ಅದೂ ಕೋಡಿ ಬಿದ್ದಾಗ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿಬರುವಂಥದು. ಬಹುಶಃ ಅದಕ್ಕೇ ಹಡಗು, ಅಲೆ, ಉಪ್ಪುಗಾಳಿ ಎಂದರೆ ನನಗೆ ಬಾಯಿ ಬಿಡುವಷ್ಟು ಬೆರಗು. ಆ ಕತೆಗಳಲ್ಲೊಂದು ಸಂಗತಿ ಬಂತು. ಹಡಗಿನ ನಾಯಕ ಕೈಲಾಗದವನೆಂದು ಉಳಿದ ಕಳ್ಳರಿಗೆ ಅನ್ನಿಸಿದರೆ ಅವರು ಕೂಗಾಡುವುದಿಲ್ಲ. ತಾವೇ ಕುಳಿತು ವಿಚಾರಣೆ ಮಾಡಿ, ಕಾಗದದ ಚೂರಿನ ಮೇಲೆ ಮಸಿಯಿಂದ ಗುಂಡಗೆ ಕಪ್ಪು ಮಾಡಿ, ಅವನ ಅಂಗೈಗೆ ಇಟ್ಟು ಸುಮ್ಮನೆ ಹೊರಟುಹೋಗುತ್ತಾರೆ. ಅಷ್ಟಕ್ಕೇ ಆ ಮೀಸೆಯ, ಕತ್ತಿಯ, ಒಂಟಿಗಣ್ಣಿನ ಮನುಷ್ಯ ನಡುಗಿಹೋಗುತ್ತಾನೆ. ನಾನು ಪುಸ್ತಕ ಮುಚ್ಚಿ ಗ್ರಂಥಾಲಯದ ಫ್ಯಾನು ನೋಡುತ್ತ ಕುಳಿತೆ. ಇದು ನನ್ನ ಚೀಟಿಯೇ! ವ್ಯತ್ಯಾಸವೆಂದರೆ ಅಲ್ಲಿ ಚೀಟಿಗೆ ಮರ್ಯಾದೆ ಇದೆ.

ಮನೆಗೆ ಬಂದು ಹೆಂಡತಿ ಗಿರಿಜಾಗೆ ಹೇಳಿದೆ. ಅವಳು ಬಾಗೂರಿನ ಕಡೆಯವಳು. ಯಾವ ಮಾತನ್ನೂ ಒಂದು ಸಲ ತಿರುವಿ ನೋಡದೆ ಒಳಗೆ ಬಿಟ್ಟುಕೊಳ್ಳುವವಳಲ್ಲ. ನಮ್ಮಲ್ಲಿ ಮಗುವಿಗೆ ಏನೂ ಆಗದಿರಲಿ ಎಂದು ಕೆನ್ನೆಗೆ ಕಪ್ಪು ಬೊಟ್ಟು ಇಡುತ್ತೇವೆ, ಅವರು ಆಳು ಮುಗಿದುಹೋಗಲಿ ಎಂದು ಇಡುತ್ತಾರಾ ಎಂದು ಕೇಳಿದಳು. ನಾನು ಮಾತು ಬದಲಿಸಿ ತಲೆಬುರುಡೆ ಮತ್ತು ಎರಡು ಎಲುಬಿನ ಬಾವುಟದ ವಿಷಯ ಹೇಳಿದೆ. ಅದನ್ನು ದೂರದಿಂದ ಕಂಡರೇ ಹಡಗುಗಳು ಶರಣಾಗುತ್ತಿದ್ದವು ಎಂದೆ. ಅದು ನಮ್ಮ ರಸ್ತೆ ತಿರುವಿನ ಟ್ರಾನ್ಸ್‌ಫಾರ್ಮರ್ ಮೇಲೇ ಇದೆಯಲ್ಲ ಎಂದಳು. ನಿಜ, ಇದೆ. ಅದರ ಕೆಳಗೆ ಎಳನೀರಿನವನು ಗಾಡಿ ನಿಲ್ಲಿಸುತ್ತಾನೆ. ಆಯುಧಪೂಜೆಯ ದಿನ ಯಾರೋ ಭಕ್ತರು ಆ ಬುರುಡೆಯ ಹಣೆಗೆ ಮೂರೆಳೆ ವಿಭೂತಿ ಎಳೆದು, ಸೇವಂತಿಗೆ ಹಾರ ಹಾಕಿ, ಕೈಮುಗಿದು ಹೋಗಿದ್ದರು. ಕಡಲ್ಗಳ್ಳರ ಹಡಗೇನಾದರೂ ದಾರಿ ತಪ್ಪಿ ನಮ್ಮ ಕಡೆ ಬಂದಿದ್ದರೆ ಅದರ ಬಾವುಟಕ್ಕೂ ಇದೇ ಗತಿಯಾಗುತ್ತಿತ್ತೇನೋ. ಭಯದ ಗುರುತುಗಳಿಗೆ ಅರ್ಥ ಎಲ್ಲಿಂದ ಬರುತ್ತದೆ ಎಂದು ಯೋಚಿಸುತ್ತ ಹೋದಷ್ಟೂ ನನ್ನ ತಲೆ ಕಲಸುಮೇಲೋಗರವಾಯಿತು.

ಅಷ್ಟರಲ್ಲಿ ಶಿವಮೂರ್ತಪ್ಪನವರ ಫೋನು ಬಂತು. ಆ ತಿಂಗಳ ಮುಖ್ಯ ಭಾಷಣಕಾರರು ಕೊನೆಗಳಿಗೆಯಲ್ಲಿ ಕೈಕೊಟ್ಟಿದ್ದರು. ನಾನು ಯಾವುದೋ ಕಳ್ಳರ ಪುಸ್ತಕ ಓದುತ್ತಿರುವ ಸುದ್ದಿ ಅವರಿಗೆ ಮುಟ್ಟಿತ್ತು. ಅದರ ಮೇಲೆಯೇ ಮಾತಾಡಿ, ಹೆಂಗೂ ಖಾಲಿ ಐತೆ ಅಂದರು. ಖಾಲಿ ಇರುವುದು ಭಾಷಣದ ಜಾಗವೋ ನಾನೋ ಎಂದು ವಿಚಾರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಜನ್ಮದಲ್ಲಿ ಮೊದಲ ಬಾರಿಗೆ ಜನ ಕುಳಿತಿರುವಾಗ ಮಾತಾಡುವ ಅವಕಾಶ! ಅದಕ್ಕಿಂತ ದೊಡ್ಡದು, ಗಿರಿಜಾ ತಾನೂ ಬರುತ್ತೇನೆ ಎಂದದ್ದು. ಹೊಳಲ್ಕೆರೆಯಲ್ಲಿ ಅವಳ ಅಕ್ಕನ ಮನೆಯಿದೆ, ಅಲ್ಲಿಗೆ ಹೋಗಿ ಬರುವ ನೆಪವೂ ಇತ್ತು. ಆದರೂ ಹಾಲಿಗೆ ಬಂದು ಕೂರುತ್ತೇನೆ ಅಂದಳು. ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ನನ್ನ ಮಾತನ್ನು ಪೂರ್ತಿ ಕೇಳಿದ್ದು ನನಗೆ ನೆನಪಿಲ್ಲ. ನಾನು ಮಾತಿಗೆ ಶುರುವಿಟ್ಟರೆ ಕುಕ್ಕರ್ ಕೂಗುತ್ತದೆ, ಇಲ್ಲವೇ ಅವಳೇ ಏಳುತ್ತಾಳೆ. ಈ ಸಲ ಅವಳು ಕುರ್ಚಿಯ ಮೇಲೆ ಕೂರಬೇಕು, ಕೊನೆಯವರೆಗೆ ಕೇಳಬೇಕು, ‘ಚೆನ್ನಾಗಿತ್ತು’ ಅನ್ನಬೇಕು. ಸಭಿಕರು ಏನಾದರೂ ಅಂದುಕೊಳ್ಳಲಿ, ನನಗೆ ಬೇಕಾಗಿದ್ದದ್ದು ಅದೊಂದು ಮಾತು.

ತಯಾರಿ ಜೋರಾಗಿಯೇ ನಡೆಯಿತು. ಸ್ನಾನದ ಮನೆಯಲ್ಲಿ ಭಾಷಣ ಅಭ್ಯಾಸ ಮಾಡಿದೆ, ಅಲ್ಲಿ ನನ್ನ ಧ್ವನಿಗೆ ಎಲ್ಲೂ ಸಿಗದ ಗಾಂಭೀರ್ಯವಿದೆ. ಮೊದಲು ಬಾವುಟ, ಆಮೇಲೆ ಕಪ್ಪು ಚೀಟಿ, ಆಮೇಲೆ ನಿನ್ನ ಕಾಲ ಮುಗಿಯಿತು ಎಂದು ತೋರಿಸುವ ಮರಳು ಗಡಿಯಾರ, ಆಮೇಲೆ ಕಣ್ಣು ಕಟ್ಟಿ ನೀರಿನ ಮೇಲೆ ಚಾಚಿದ ಹಲಗೆಯ ಮೇಲೆ ನಡೆಸುವುದು, ಕೊನೆಗೆ ನಿರ್ಜನ ದ್ವೀಪದಲ್ಲಿ ಒಬ್ಬನನ್ನೇ ಬಿಟ್ಟುಹೋಗುವುದು. ಬರೀ ಮಾತು ಸಾಲದು, ಜನ ಕಪ್ಪು ಚೀಟಿಯನ್ನು ಕೈಯಲ್ಲಿ ಹಿಡಿದು ಆ ನಡುಕ ಅನುಭವಿಸಬೇಕು ಎಂದು ನನಗೊಂದು ದುರ್ಬುದ್ಧಿ ಹುಟ್ಟಿತು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಚೌಕವಾಗಿ ಕತ್ತರಿಸಿ, ಬಿಳಿ ಬದಿಗೆ ಬಳೆ ಇಟ್ಟು ಗೀರೆಳೆದು, ಮಾರ್ಕರ್ ಪೆನ್ನಿನಲ್ಲಿ ಕಪ್ಪು ತುಂಬಿದೆ. ಬಳೆ ಗಿರಿಜಾಳದು. ಅದಕ್ಕೆ ಅಂಟಿದ ಮಸಿ ತೊಳೆಯುವಾಗ ಅವಳು ಏನೋ ಅಂದಳು, ನಾನು ಮನಸ್ಸಿನಲ್ಲೇ ಹಲಗೆಯ ಮೇಲೆ ನಡೆಯುತ್ತಿದ್ದುದರಿಂದ ಕೇಳಿಸಲಿಲ್ಲ.

ಭಾನುವಾರ ಮಧ್ಯಾಹ್ನ ಹಾಲ್ ಜನರಿಂದ ತುಂಬಿತ್ತು. ಕೆಳಗಿನ ಮಂಡಿಯಿಂದ ಅಡಿಕೆಯ ಒಗರು ವಾಸನೆ, ಹಿಂದಿನಿಂದ ಮೆಣಸಿನಕಾಯಿ ಕರಿಯುವ ವಾಸನೆ. ನಮ್ಮ ಸಭೆಗೆ ಮಂಡಕ್ಕಿ-ಮೆಣಸಿನಕಾಯಿ ಖಾಯಂ. ಎರಡನೆಯ ಸಾಲಿನಲ್ಲಿ ಗಿರಿಜಾ. ಬಾವುಟದ ಭಾಗ ಚೆನ್ನಾಗಿಯೇ ಹೋಯಿತು. ಟ್ರಾನ್ಸ್‌ಫಾರ್ಮರಿನ ವಿಭೂತಿಗೆ ಜನ ನಕ್ಕರು. ಜನ ನಗುವುದನ್ನು ವೇದಿಕೆಯ ಮೇಲಿಂದ ನೋಡುವುದು ಎಷ್ಟು ಸುಖ ಎಂದು ನನಗೆ ಅಂದೇ ಗೊತ್ತಾದದ್ದು. ಆ ಸುಖದಲ್ಲೇ ಚೀಟಿಗಳನ್ನು ಹಂಚಿಸಿದೆ. ಎಲ್ಲರ ಕೈ ಸೇರಿದ ಮೇಲೆ ಸ್ನಾನದ ಮನೆಯ ಧ್ವನಿ ತೆಗೆದು ಹೇಳಿದೆ: “ಈ ಚೀಟಿಯನ್ನು ನಾಯಕನ ಕೈಗೆ ಕೊಟ್ಟರೆ ಒಂದೇ ಅರ್ಥ. ನಿನ್ನನ್ನು ನಾವು ಸಾಕಷ್ಟು ಸಹಿಸಿದ್ದೇವೆ, ಇನ್ನು ಇಳಿ.”

ಹೇಳಿ, ನಡುಕಕ್ಕಾಗಿ ಒಂದು ಗಳಿಗೆ ಬಿಟ್ಟೆ. ಬಿಡಬಾರದಿತ್ತು. ಮುಂದಿನ ಸಾಲಿನ ಹಿರಿಯರೊಬ್ಬರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ತಿರುಗಿಸಿ ಹಿಂದಿನ ತಿಥಿ ನಕ್ಷತ್ರಗಳನ್ನೂ ನೋಡಿ, ಎದ್ದು ಬಂದು ನನ್ನ ಮುಂದಿನ ಮೇಜಿನ ಮೇಲಿಟ್ಟರು. ಅವರ ಹಿಂದೆಯೇ ಹಾಲಿನಲ್ಲಿ ಸರಸರ ಸದ್ದು. ಹಿಂದಿನ ಸಾಲಿನಿಂದ ಚೀಟಿಗಳು ಭುಜಗಳ ಮೇಲಿಂದ ಮುಂದಕ್ಕೆ, ಅಲ್ಲಿಂದ ಇನ್ನೂ ಮುಂದಕ್ಕೆ ಬರತೊಡಗಿದವು. ಶಿವಮೂರ್ತಪ್ಪನವರು ಅವನ್ನೆಲ್ಲ ಕೂಡಿಸಿ, ಅಂಚು ತಟ್ಟಿ ಸಮ ಮಾಡಿ, ಎದ್ದು ಬಂದು ಆ ಕಟ್ಟನ್ನು ನನ್ನ ಅಂಗೈಗೆ ಇಟ್ಟು ಸುಮ್ಮನೆ ಹೋಗಿ ಕುಳಿತರು.

ನಾನು ನಡುಗಿಹೋದೆ. ಇದು ತೀರ್ಪೋ, ವಚನದ ಹಾಳೆ ವಾಪಸ್ ಕೊಡುವ ಅಭ್ಯಾಸವೋ? ಮುಖಗಳನ್ನು ನೋಡಿದೆ. ಕೆಲವು ಗಂಭೀರವಾಗಿದ್ದವು, ಕೆಲವು ಮುಗುಳ್ನಗುತ್ತಿದ್ದವು, ಒಂದೆರಡು ಮೆಣಸಿನಕಾಯಿಯ ದಿಕ್ಕಿಗೆ ತಿರುಗಿದ್ದವು. ಯಾವುದರಲ್ಲೂ ನನಗೆ ಉತ್ತರ ಸಿಗಲಿಲ್ಲ. ಮರಳು ಗಡಿಯಾರ ಮರೆತುಹೋಯಿತು. ಆಗ ನನ್ನ ಬಾಯಿ ನನ್ನನ್ನು ಕೇಳದೆ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿಯಿತು. “ಈ ಕಾರ್ಯಕ್ರಮಕ್ಕೆ ಸ್ಥಳಾವಕಾಶ ಕೊಟ್ಟ ಶ್ರೀಯುತ ಶಿವಮೂರ್ತಪ್ಪನವರಿಗೆ” ಎಂದು ಶುರುವಾದದ್ದು ಮೈಕ್ ಸೆಟ್ಟಿನವರು, ಕುರ್ಚಿಯವರು, ತಿಂಡಿಯವರು ಎಂದು ಓಡತೊಡಗಿತು. ತಡೆಯಲು ನೋಡಿದೆ, ಆಗಲಿಲ್ಲ. ಕುರ್ಚಿಯವರಿಗೆ ವಂದಿಸುವಷ್ಟರಲ್ಲಿ ಕುರ್ಚಿಗಳು ಖಾಲಿ.

ತಿಂಡಿಯ ಹತ್ತಿರ ಶಿವಮೂರ್ತಪ್ಪನವರು ನನ್ನ ಕೈ ಹಿಡಿದುಕೊಂಡರು. “ತಿಪ್ಪೇಸ್ವಾಮಿಯೋರೇ, ಇಷ್ಟು ವರ್ಷದಾಗೆ ಚೀಟಿ ಕಳಿಸ್ದೆ ಭಾಷಣ ಮುಗಿಸಿದೋರು ನೀವೊಬ್ರೇ ಕಣ್ರಿ,” ಅಂದರು. ಕೈತುಂಬ ಚೀಟಿ ಹಿಡಿದುಕೊಂಡು ನಾನು ಈ ಪ್ರಶಂಸೆಯನ್ನು ಸ್ವೀಕರಿಸಿದೆ. ಹಾಗಾದರೆ ಇವೇನು ಸ್ವಾಮಿ ಎಂದು ಕೇಳಬೇಕೆನ್ನಿಸಿತು. ಕೇಳಿದರೆ ನಿಜ ಹೇಳಿಬಿಟ್ಟಾರೆಂದು ಹೆದರಿ ಮೆಣಸಿನಕಾಯಿ ಕಚ್ಚಿದೆ. ಮೊದಲು ಎದ್ದು ಬಂದ ಹಿರಿಯರು ಎದುರಿಗೆ ಬಂದು, ಬಹಳ ಅರ್ಥಪೂರ್ಣ ಕಾರ್ಯಕ್ರಮ ಎಂದರು. ಯಾವ ಅರ್ಥ ಎಂದು ಅವರೂ ಹೇಳಲಿಲ್ಲ.

ಸಂಜೆಯ ಬಸ್ಸಿನಲ್ಲಿ ನಾನೂ ಗಿರಿಜಾಳೂ ದುರ್ಗಕ್ಕೆ ಹೊರಟೆವು. ಅವಳು ಕಿಟಕಿಯ ಪಕ್ಕ. ಹೊರಗೆ ಗುಡ್ಡದ ಮೇಲೆ ಗಾಳಿಯ ದೊಡ್ಡ ಫ್ಯಾನುಗಳು ಯಾವ ಅವಸರವೂ ಇಲ್ಲದೆ ತಿರುಗುತ್ತಿದ್ದವು. ನಾನು ಮಾತ್ರ ಆ ಚೀಟಿಗಳ ಕಟ್ಟನ್ನು ತಿರುತಿರುವಿ ನೋಡುತ್ತಿದ್ದೆ. ಸಭಿಕರ ವಿಷಯ ಬಿಟ್ಟುಬಿಡಬಹುದು. ಆ ಕಟ್ಟಿನಲ್ಲಿ ಅವಳ ಚೀಟಿಯೂ ಇತ್ತೇ? ಕೊನೆಗೆ ಕೇಳಿಯೇಬಿಟ್ಟೆ.

“ನಾನ್ಯಾಕೆ ಕೊಡ್ಲಿ?” ಅಂದಳು. “ಆಮೇಲೆ ಆ ಕ್ಯಾಪ್ಟನ್ ಏನಾದ ಅಂತ ಕೇಳಾಣ ಅಂತ ಕುಂತಿದ್ದೆ. ನೀವು ನೋಡಿದ್ರೆ ಕುರ್ಚಿಯೋರಿಗೆ ಥ್ಯಾಂಕ್ಸ್ ಹೇಳಕ್ಕೆ ಶುರು ಮಾಡಿದ್ರಿ.”

 ಒಬ್ಬಳು ಕೇಳುತ್ತಿದ್ದಳು! ಇಡೀ ಹಾಲಿನಲ್ಲಿ ನನಗೆ ಬೇಕಾಗಿದ್ದ ಒಬ್ಬಳು ಕೊನೆಯವರೆಗೆ ಕೇಳಲು ತಯಾರಾಗಿ ಕುಳಿತಿದ್ದಳು, ನಾನೇ ಎದ್ದುಬಂದಿದ್ದೆ. ಅಷ್ಟು ಸಂತೋಷ, ಅಷ್ಟು ಪೆದ್ದುತನ ಎರಡನ್ನೂ ಒಟ್ಟಿಗೆ ಅನುಭವಿಸಿ ನನಗೆ ರೂಢಿಯಿಲ್ಲ. ಹೇಳುತ್ತೇನೆ ಕೇಳು ಎಂದು ಅವಳ ಕಡೆ ತಿರುಗಿ ಕುಳಿತೆ. ಕ್ಯಾಪ್ಟನ್ನಿನ ಗತಿ ಅರ್ಥವಾಗಬೇಕಾದರೆ ಅವನ ಹಡಗು ಎಂಥದೆಂದು ತಿಳಿಯಬೇಕಲ್ಲ, ಅದನ್ನು ವಿವರಿಸಿದೆ. ಹಡಗು ಬಂದ ಮೇಲೆ ಹಾಯಿಗಳು ಬಂದವು. ಮರಳು ಗಡಿಯಾರ ಬಂತು, ಅದರಲ್ಲಿ ಮರಳು ಯಾಕೆ, ನೀರು ಯಾಕಲ್ಲ ಎಂಬ ನನ್ನ ಸ್ವಂತ ಚಿಂತನೆ ಬಂತು. ಹಲಗೆ ಬಂತು. ಹಲಗೆ ಯಾವ ಮರದ್ದಿರಬಹುದು ಎಂದು ಹೇಳುತ್ತಿದ್ದಾಗ ಮುಂದಿನ ಸೀಟಿನವರು ತಿರುಗಿ ನೋಡಿದರು, ಅವರೂ ಕೇಳಲಿ ಎಂದು ಧ್ವನಿ ಸ್ವಲ್ಪ ಎತ್ತರಿಸಿದೆ. ಕೋಟೆಯ ಬಂಡೆಗಳು ಕಾಣತೊಡಗಿದಾಗ ನಾನಿನ್ನೂ ದ್ವೀಪದ ಹವಾಮಾನದಲ್ಲಿದ್ದೆ.

ಗಿರಿಜಾ ಪರ್ಸಿನ ಜಿಪ್ಪು ತೆಗೆದು, ಒಳಗೆ ಕೈಹಾಕಿ ಹುಡುಕಿ, ಕ್ಯಾಲೆಂಡರ್ ಹಾಳೆಯ ಆ ಚೌಕವನ್ನು ತೆಗೆದಳು. ನನ್ನ ಕೈಯನ್ನು ಎಳೆದುಕೊಂಡು ಅಂಗೈ ಬಿಡಿಸಿ, ಕಪ್ಪು ಮೇಲೆ ಬರುವಂತೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಮತ್ತೆ ಕಿಟಕಿಯ ಕಡೆ ತಿರುಗಿದಳು. ಇದರ ಅರ್ಥವೇನೆಂದು ಯಾರನ್ನೂ ಕೇಳಬೇಕಾಗಲಿಲ್ಲ. ಇಡೀ ದಿನದಲ್ಲಿ ನನಗೆ ಗೊಂದಲವಾಗದ ಸಂಗತಿ ಅದೊಂದೇ. ಮಾತು ನಿಲ್ಲಿಸಿ ಸೀಟಿಗೆ ಒರಗಿದೆ. ಆ ಕ್ಯಾಪ್ಟನ್ ಏನಾದ ಎಂದು ಅವಳು ಆಮೇಲೂ ಕೇಳಲಿಲ್ಲ. ಪಕ್ಕದಲ್ಲೇ ಕುಳಿತಿದ್ದನಲ್ಲ, ಅವಳಿಗೆ ಕಾಣುತ್ತಿತ್ತು.