ಹಳದಿ ಡಬ್ಬಕ್ಕೆ ಬಿದ್ದ ಹೂಗುಚ್ಛದ ಹಾಳೆ

ವಿಧಾನಸಭೆಯಲ್ಲಿ ಯಾರಾದರೂ ಕಸದ ಬಗ್ಗೆ ಎದ್ದು ನಿಂತರೆ ಸಾಕು, ಮೈಸೂರಿನ ನಮ್ಮ ಆಸ್ಪತ್ರೆಯಲ್ಲಿ ಏನಾದರೊಂದು ನಡೆದೇ ತೀರುತ್ತದೆ. ನಾನಿಲ್ಲಿ ಮೇಟ್ರನ್. ಬೆಂಚಿನಡಿ ಬಿದ್ದ ಪೆನ್ಸಿಲ್ ಸಿಪ್ಪೆಗೂ ಜವಾಬು ಕೇಳುತ್ತಿದ್ದ ಕಾನ್ವೆಂಟಿನಲ್ಲಿ ಓದಿದವಳು. ನನ್ನ ವಾರ್ಡುಗಳಲ್ಲಿ ಕಸ ತಪ್ಪು ಡಬ್ಬಕ್ಕೆ ಬೀಳುವುದಿಲ್ಲ. ಜಂಬವೆಂದರೆ ಜಂಬವೇ ಸರಿ.

೧. ಉದ್ಭವಿಸುವುದಿಲ್ಲ

ನಮ್ಮ ಶಾಸಕರು ಸದನದಲ್ಲಿ ಕೇಳಿದ್ದರು: (ಅ) ಆಸ್ಪತ್ರೆಗಳಲ್ಲಿ ಕಸ ಬೇರ್ಪಡಿಸುವ ಡಬ್ಬಗಳ ಕೊರತೆಯಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು?

ಸಂಜೆಯೊಳಗೆ ಉತ್ತರ ಹೋಗಬೇಕೆಂದು ಆಸ್ಪತ್ರೆಯ ಕಚೇರಿ ಮ್ಯಾನೇಜರು ಓಡಿ ಬಂದರು.

"ಮೇಡಂ, ಮೊದಲನೇದಕ್ಕೆ 'ಇಲ್ಲ' ಅಂತ ಬರೀರಿ. ಎರಡನೇದು ತಾನಾಗೇ 'ಉದ್ಭವಿಸುವುದಿಲ್ಲ' ಆಗುತ್ತೆ. ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಏನೂ ಉದ್ಭವಿಸಿಲ್ಲ."

ನಾನು ನೋಡದೆ ಬರೆಯುವವಳಲ್ಲ. ವಾರ್ಡುವಾರ್ಡಿಗೂ ಹೋಗಿ ನೋಡಿದೆ. ಹೆಂಗಸರ ವಾರ್ಡಿನ ಕೆಂಪು ಡಬ್ಬ ಕಾಣೆ. ಕೊನೆಗೆ ಸಿಕ್ಕಿದ್ದು ಮ್ಯಾನೇಜರ ಮೇಜಿನ ಪಕ್ಕದಲ್ಲಿ. ಒಳಗೆ ಅವರ ಛತ್ರಿ.

"ಈಗ ಉದ್ಭವಿಸಿತು ನೋಡಿ" ಎಂದು ಎತ್ತಿಕೊಂಡು ಬಂದೆ.

೨. ಪರೀಕ್ಷೆ

ಒಂದು ಡಬ್ಬ ಕಾಣೆಯಾಗಿತ್ತು, ಹುಡುಕಿ ತರಲಾಗಿದೆ ಎಂದೇ ಉತ್ತರ ಬರೆದು, ಕೊನೆಗೆ ಒಂದು ಸಾಲು ಸೇರಿಸಿದ್ದೆ: ಯಾವ ಕಸ ಯಾವ ಬಣ್ಣದ ಡಬ್ಬಕ್ಕೆ ಎಂಬುದು ಇಲ್ಲಿನ ಪ್ರತಿಯೊಬ್ಬರಿಗೂ ಗೊತ್ತಿದೆ. ಶಾಸಕರು ನಂಬಲಿಲ್ಲ. ಪರೀಕ್ಷಿಸಲು ತಾವೇ ಬಂದರು.

ಮ್ಯಾನೇಜರು ಪ್ಲಾಸ್ಟಿಕ್ ಹಾಳೆ ಸುತ್ತಿದ ಹೂಗುಚ್ಛ ಕೊಟ್ಟರು. ಶಾಸಕರು ಮಾತನಾಡುತ್ತಲೇ ಹಾಳೆ ಬಿಚ್ಚಿ ಪಕ್ಕದಲ್ಲಿದ್ದ ಹಳದಿ ಡಬ್ಬಕ್ಕೆ ಹಾಕಿದರು. ಉದಯಗಿರಿಯಿಂದ ಬರುವ ನಮ್ಮ ಆಯಾ, ಗುತ್ತಿಗೆ ಕೆಲಸದವಳು, ಅಡ್ಡ ನಿಂತಳು.

"ತೆಗೀರಿ ಸ್ವಾಮಿ. ಅದು ರಕ್ತದ ಹತ್ತಿ ಹಾಕೋ ಡಬ್ಬ. ಸುಡೋಕೆ ಹೋಯ್ತದೆ."

"ನಾನು ಯಾರು ಗೊತ್ತೇನಮ್ಮ?"

"ಗೊತ್ತಿಲ್ದೆ ಏನು ಸ್ವಾಮಿ, ನನ್ನ ಓಟೂ ನಿಮ್ಗೇ ಬಿದ್ದದೆ. ಅದ್ಕೇ ಮರ್ಯಾದೆಯಾಗಿ ಹೇಳ್ತಿರೋದು."

ನಾನು ಶಾಸಕರಿಗೆ ಗ್ಲೌಸ್ ಚಾಚಿದೆ. ಬರಿಗೈ ನಮ್ಮಲ್ಲಿ ನಡೆಯುವುದಿಲ್ಲ. ಅವರು ತೊಟ್ಟುಕೊಂಡು ಹಾಳೆ ತೆಗೆದರು. ಆಮೇಲೆ ತಗ್ಗಿದ ದನಿಯಲ್ಲಿ, "ಈ ಗ್ಲೌಸ್ ಎಲ್ಲಿಗಮ್ಮ?" ಎಂದರು.

"ಕೆಂಪ್ಗೆ ಸ್ವಾಮಿ. ಅದನ್ನ ಬೇಯ್ಸಿ, ಚೂರು ಮಾಡಿ ಮರುಬಳಕೆಗೆ ಕಳುಸ್ತಾರೆ. ನೀವೀಗ ಸೋಪಾಕಿ ಕೈ ತೊಳ್ಕಂಬುಡಿ."

೩. ಕೈಗೊಂಡ ಕ್ರಮ

ಮುಂದಿನ ಅಧಿವೇಶನದಲ್ಲಿ ಎದುರು ಪಕ್ಷದವರೊಬ್ಬರ ಪ್ರಶ್ನೆ ಬಂತು: (ಅ) ಮೈಸೂರಿನ ಆಸ್ಪತ್ರೆಯೊಂದರಲ್ಲಿ ಈ ಸದನದ ಸದಸ್ಯರಿಂದ ಕಸ ತೆಗೆಸಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು?

"ಈ ಸಲ 'ಇಲ್ಲ' ಅಂತ ಬರೆದುಬಿಡಿ ಮೇಡಂ" ಎಂದು ಮ್ಯಾನೇಜರು ಗೋಗರೆದರು. "ನಿಜ ಬರೆದರೆ ಆಯಾಳ ಗುತ್ತಿಗೆ ಈ ತಿಂಗಳಿಗೇ ಮುಗಿಯುತ್ತೆ."

ಕೆಲಸ ಅವಳದು. ಅವಳನ್ನೇ ಕೇಳಿದೆ.

"ಇಲ್ಲ ಅಂತ ಬರುದ್ರೆ ನಾನ್ ಮಾಡಿದ್ದೇ ತಪ್ಪು ಅಂದಂಗಾಗಲ್ವಾ ಮೇಡಂ?" ಎಂದಳು.

ಬರೆದೆ: (ಅ) ಬಂದಿದೆ. (ಆ) ಸೋಪು ಕೊಟ್ಟು ಕೈ ತೊಳೆಸಲಾಗಿದೆ.

ಸದನವೆಲ್ಲ ನಕ್ಕಿತಂತೆ. ನಮ್ಮ ಶಾಸಕರೇ ಎದ್ದು, ಉತ್ತರ ಸರಿಯಾಗಿದೆ ಎಂದರಂತೆ. ಆಯಾಳ ಗುತ್ತಿಗೆ ಮುಂದುವರಿಯಿತು. ಜೊತೆಗೇ ಮೇಲಿನಿಂದ ಆದೇಶ ಬಂತು: ಗಣ್ಯರಿಗೂ ಕಚೇರಿ ಸಿಬ್ಬಂದಿಗೂ ಡಬ್ಬಗಳ ಬಣ್ಣದ ತರಬೇತಿ ನೀಡತಕ್ಕದ್ದು. ಆ ಕೆಲಸವನ್ನು ಅವಳಿಗೇ ವಹಿಸಿದೆ.

ಮೊದಲ ದಿನವೇ ಮ್ಯಾನೇಜರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಕೆಂಪು ಡಬ್ಬ ಎತ್ತಿ ಹಿಡಿದಳು.

"ಇದ್ರೊಳಗೆ ಏನೇನು ಹಾಕ್ಬಾರ್ದು ಹೇಳಿ ಸಾರ್. ಛತ್ರಿಯಿಂದ ಸುರು ಮಾಡಿ."